ಮಾತು ಬಿಟ್ಟವರ ಲಯ

ಬೆಳಗಿನ ಕಾಫಿ ಇನ್ನೂ ಒಲೆಯ ಮೇಲಿತ್ತು. ಪುಟ್ಟಮಾದಪ್ಪ ಗೋಡೆಗೆ ದಿಂಬು ಒತ್ತಿ ಒರಗಿಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದ. ಅವನು ಎದ್ದು ಓಡಾಡಿರಲಿಲ್ಲ, ಯಾರ ಮೇಲೂ ರೇಗಿರಲಿಲ್ಲ, ಕೆಟ್ಟ ಸುದ್ದಿ ಯಾವುದೂ ಕಿವಿಗೆ ಬಿದ್ದಿರಲಿಲ್ಲ. ಆದರೂ ಎದೆ ಇದ್ದಕ್ಕಿದ್ದಂತೆ ದಡದಡ ಓಡತೊಡಗಿತು. ಅವನು ಎದೆಯ ಮೇಲೆ ಅಂಗೈ ಇಟ್ಟು, ದೂರದ ಸದ್ದು ಕೇಳಿಸಿಕೊಳ್ಳುವವನ ಹಾಗೆ ಕಣ್ಣು ಮುಚ್ಚಿದ.

"ಈ ಹೊತ್ನಲ್ಲಿ ಅಂದ್ರೆ ಹಾಲಿನವನ ಹತ್ರಾನೇ ಜಗಳ ತೆಗ್ದವ್ನೆ," ಎಂದು ಅಡುಗೆಮನೆಯತ್ತ ಕೂಗಿ ಹೇಳಿದ.

"ಯಾರು?" ಎಂದಳು ಹೆಂಡತಿ ಗೌರಮ್ಮಣ್ಣಿ.

"ಇನ್ಯಾರು? ನನ್ನ ಎದೆ ಓಡ್ಸೋ ಡ್ರೈವರು."

ಮೂವತ್ತು ವರ್ಷ ಮೈಸೂರು-ಕೊಳ್ಳೇಗಾಲದ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಪುಟ್ಟಮಾದಪ್ಪನಿಗೆ, ತನ್ನ ಎದೆಯ ಸ್ಟಿಯರಿಂಗು ಇನ್ನೊಬ್ಬನ ಕೈಯಲ್ಲಿದೆ ಎನ್ನುವುದು ನುಂಗಲಾರದ ತುತ್ತಾಗಿತ್ತು. ಆ ಇನ್ನೊಬ್ಬ ಯಾರೋ ಗೊತ್ತಿಲ್ಲದವನಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ. ಅವನು ಜವರಯ್ಯ. ಅದೇ ಬಸ್ಸಿನ ಕಂಡಕ್ಟರು. ಇಬ್ಬರಿಗೂ ಮಾತು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು.

ಹೀಗೆ ಒಬ್ಬರ ಎದೆಯನ್ನು ಇನ್ನೊಬ್ಬರ ಎದೆಗೆ ಕಟ್ಟಿಹಾಕಿದ್ದ ಸಾಧನದ ಹೆಸರು ಹೃದಯಗವಸು. ಅದನ್ನು ಕಂಡುಹಿಡಿದವರು ನಗರದ ಆಸ್ಪತ್ರೆಯೊಂದರ ಡಾಕ್ಟರ್ ಮೇದಿನಿ. ಮಾದಪ್ಪ ಅವರ ಬಳಿಗೆ ಹೋದಾಗ ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ಎಳೆದುಕೊಂಡಿದ್ದ. ಪಾದಗಳು ಊದಿಕೊಂಡಿದ್ದವು, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮಲಗಿದರೆ ಯಾರೋ ಎದೆಯ ಮೇಲೆ ಕೂತಂತಾಗುತ್ತಿತ್ತಾದ್ದರಿಂದ ಮೂರು ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ. ಉಪ್ಪು ಮುಟ್ಟುವ ಹಾಗಿರಲಿಲ್ಲ. ನೀರನ್ನೂ ಅಳತೆ ಹಾಕಿ ಕುಡಿಯಬೇಕಾಗಿತ್ತು. ಮೈಯ ನೀರಿಳಿಸುವ ಮಾತ್ರೆ ನುಂಗಿದ ದಿನ ಬಚ್ಚಲುಮನೆ ಬಿಟ್ಟು ದೂರ ಹೋಗುವ ಹಾಗೂ ಇರಲಿಲ್ಲ.

"ಹೃದಯ ವೈಫಲ್ಯ ಅಂದ್ರೆ ಹೃದಯ ನಿಂತುಹೋಗೋದು ಅಂತ ಎಲ್ಲರೂ ಹೆದರ್ತಾರೆ," ಎಂದು ಡಾಕ್ಟರು ವಿವರಿಸಿದ್ದರು. "ಅದು ನಿಲ್ಲಲ್ಲ, ಸೋಲುತ್ತೆ. ರಕ್ತವನ್ನ ಮುಂದಕ್ಕೆ ತಳ್ಳೋ ಶಕ್ತಿ ಸಾಲದೆ ಹೋದಾಗ ನೀರು ಹಿಂದೆ ನಿಲ್ಲುತ್ತೆ, ಕಾಲಲ್ಲಿ, ಶ್ವಾಸಕೋಶದಲ್ಲಿ. ಮಾತ್ರೆಗಳಿಂದ ಎಷ್ಟು ಸಾಧ್ಯವೋ ಅಷ್ಟು ಮಾಡಿ ಆಯ್ತು. ಬದಲಿ ಹೃದಯಕ್ಕೆ ಕಾಯೋರ ಸಾಲು ಉದ್ದ ಇದೆ, ಅಲ್ಲಿ ಚಿಕ್ಕ ವಯಸ್ಸಿನವರಿಗೆ ಮೊದಲು. ಉಳಿದಿರೋದು ಈ ಗವಸು."

ಕೃತಕ ಸ್ನಾಯುವಿನ ಎಳೆಗಳಿಂದ ನೇಯ್ದ ತೆಳುವಾದ ಬಟ್ಟೆ ಅದು. ದಿಂಬಿಗೆ ಗವಸು ಹಾಕುವ ಹಾಗೆ ಅದನ್ನು ಹೃದಯಕ್ಕೆ ತೊಡಿಸಿ ಹೊಲಿಯುತ್ತಾರೆ. ಪ್ರತಿ ಬಡಿತಕ್ಕೂ ಅದು ಹೃದಯವನ್ನು ಹೊರಗಿನಿಂದ ಹಿಂಡಿ ರಕ್ತವನ್ನು ಮುಂದಕ್ಕೆ ದೂಡುತ್ತದೆ.

"ಹಿಂಡೋದು ಸುಲಭ. ಯಾವಾಗ, ಎಷ್ಟು ಬೇಗ ಹಿಂಡಬೇಕು ಅನ್ನೋದೇ ಕಷ್ಟ," ಎಂದರು ಮೇದಿನಿ. "ನೀವು ಕುರ್ಚಿಯಿಂದ ಎದ್ದಮೇಲೆ ಹೃದಯ ಜೋರಾದ್ರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ತಲೆ ಸುತ್ತಿ ಬಿದ್ದಿರ್ತೀರಿ. ಏಳಬೇಕು ಅಂತ ಮನಸ್ಸು ಮಾಡಿದಾಗಲೇ ಅದು ಸಿದ್ಧ ಆಗಬೇಕು. ಆರೋಗ್ಯವಾಗಿರೋ ಹೃದಯ ಹಾಗೇ ಮಾಡುತ್ತೆ. ನಿಮ್ಮ ಹೃದಯಕ್ಕೆ ಆ ಸುದ್ದಿ ತಲುಪೋ ದಾರಿ ಹಾಳಾಗಿದೆ. ಯಂತ್ರಕ್ಕೆ ನಿಮ್ಮ ಮನಸ್ಸು ಓದೋಕೆ ಬರಲ್ಲ."

"ದಿಬ್ಬ ಬರೋಕ್ ಮುಂಚೆನೇ ಗೇರು ಹಾಕ್ಬೇಕು ಅಂತೀರಿ."

"ಹೌದು."

"ಮತ್ತೆ ನನ್ನ ದಿಬ್ಬ ಯಾರಿಗ್ ಗೊತ್ತಾಯ್ತದೆ ಮೇಡಂ?"

ಡಾಕ್ಟರು ನಕ್ಕರು. ಅವರ ಶೋಧವೇ ಅದಾಗಿತ್ತು. ಬಹಳ ಕಾಲ ಜತೆಯಲ್ಲಿ ಕಳೆದ ಕೆಲವರ ಹೃದಯಗಳು ಒಂದನ್ನೊಂದು ಅನುಸರಿಸಲು ಕಲಿತುಬಿಡುತ್ತವೆ ಎಂದು ಅವರು ಕಂಡುಕೊಂಡಿದ್ದರು. ಆಮೇಲೆ ದೂರವಿದ್ದರೂ ಒಬ್ಬರದು ಏರುವ ಹೊತ್ತಿಗೆ ಇನ್ನೊಬ್ಬರದೂ ಏರುತ್ತದೆ, ಒಬ್ಬರದು ತಣಿದರೆ ಇನ್ನೊಬ್ಬರದೂ ತಣಿಯುತ್ತದೆ. ಅಂಥ ಜೊತೆಗಾರನ ಎದೆಗೆ ನಾಣ್ಯದಷ್ಟು ಅಗಲದ ಲಯಬಿಲ್ಲೆಯೊಂದನ್ನು ಅಂಟಿಸಿದರೆ ಸಾಕು. ಅವನ ಬಡಿತದ ಸುದ್ದಿ ಗಾಳಿಯ ಮೂಲಕ ರೋಗಿಯ ಗವಸಿಗೆ ಮುಟ್ಟುತ್ತದೆ. ಗವಸು ಅದರ ಪ್ರಕಾರ ಹಿಂಡುತ್ತದೆ. ಹೀಗೆ ಲಯ ಕೊಡುವವನನ್ನು ಲಯದಾನಿ ಎಂದು ಕರೆದರು. ದಾನಿಯ ಲಯ ರೋಗಿಯ ಮೈಗೆ ಎಷ್ಟು ಒಗ್ಗುತ್ತದೆ ಎಂಬುದನ್ನು ತೋರಿಸುವ ಅಳತೆಗೆ ಹೊಂದಿಕೆ ಎಂದು ಹೆಸರು. ಹೊಂದಿಕೆ ಕುಸಿದರೆ ಗವಸು ದಾನಿಯನ್ನು ಕೈಬಿಟ್ಟು ತನ್ನದೇ ಸಪಾಟು ಲಯಕ್ಕೆ ಮರಳುತ್ತದೆ. ಆ ಲಯದಲ್ಲಿ ಮನುಷ್ಯ ಹಾಸಿಗೆಯ ಮೇಲೆ ಕೆಲವು ಕಾಲ ಜೀವ ಹಿಡಿದುಕೊಂಡಿರಬಹುದೇ ಹೊರತು ಬದುಕಲಾಗುವುದಿಲ್ಲ.

ಮೊದಲು ಪರೀಕ್ಷೆಗೆ ಕೂತವಳು ಗೌರಮ್ಮಣ್ಣಿ. ತಲೆಗೆ ಎಣ್ಣೆ ಹಚ್ಚಿ, ಒಳ್ಳೆಯ ಸೀರೆ ಉಟ್ಟು, ನನ್ನದು ಹೊಂದದೆ ಇನ್ಯಾರದು ಹೊಂದೀತು ಎನ್ನುವ ಠೀವಿಯಿಂದ ಬಂದಿದ್ದಳು. ಹೊಂದಲಿಲ್ಲ. ಅವಳ ಮುಖ ಇಷ್ಟು ಚಿಕ್ಕದಾಯಿತು.

"ಇಷ್ಟು ವರ್ಷ ಬಾಳಾಟ ಮಾಡಿ, ನಂದೇ ಆಗ್ಲಿಲ್ವಾ?" ಎಂದಳು. ದಾರಿಯುದ್ದಕ್ಕೂ ಗಂಡನ ಜತೆ ಮಾತಾಡಲಿಲ್ಲ. ಮನೆಗೆ ಬಂದಮೇಲೆ ಸಾರಿಗೆ ಉಪ್ಪಿಲ್ಲದಿರುವುದು ಸಾಲದು ಎಂಬಂತೆ ಹುಳಿಯನ್ನೂ ಹಾಕಲಿಲ್ಲ.

ತಮ್ಮನದೂ ಹೊಂದಲಿಲ್ಲ, ಅಕ್ಕನ ಮಗನದೂ ಹೊಂದಲಿಲ್ಲ. "ಇವರ ಜತೆ ದಿನಾ ಹೆಚ್ಚು ಹೊತ್ತು ಇದ್ದವರು ಬೇರೆ ಯಾರಾದ್ರೂ ಇದಾರಾ?" ಎಂದು ಡಾಕ್ಟರು ಕೇಳಿದಾಗ ಗೌರಮ್ಮಣ್ಣಿಯೇ ಬಾಯಿಬಿಟ್ಟಳು.

"ಒಬ್ಬ ಅವ್ನೆ. ಆದ್ರೆ ಇಬ್ರೂ ಹಾವು ಮುಂಗುಸಿ."

ಆ ಕಥೆ ಡಿಪೋದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ನರಸೀಪುರ ದಾಟಿದ ಮೇಲೆ ಒಂದು ಹೋಟೆಲಿನ ಮುಂದೆ ಬಸ್ಸು ತಿಂಡಿಗೆ ನಿಲ್ಲುತ್ತಿತ್ತು. ಕಂಡಕ್ಟರು ಹತ್ತಿ ವಿಷಲ್ ಊದಿದರೆ ಡ್ರೈವರು ಹೊರಡಬೇಕು. ಹಿಂದೆ ತಿರುಗಿ ನೋಡುವ ಪದ್ಧತಿಯಿಲ್ಲ. ಒಂದು ದಿನ ಅವಸರದ ಪ್ರಯಾಣಿಕನೊಬ್ಬ ನಾಲಗೆಯ ಕೆಳಗೆ ಬೆರಳಿಟ್ಟು ವಿಷಲ್ಲಿನಂತೆಯೇ ಊದಿಬಿಟ್ಟ. ಮಾದಪ್ಪ ಗಾಡಿ ಎತ್ತಿದ. ಜವರಯ್ಯ ಹೋಟೆಲಿನ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದವನು ಒದ್ದೆಗೈಯಲ್ಲೇ ಓಡಿಬಂದರೆ ಎದುರಿಗೆ ಬರೀ ಧೂಳು. ಕೋಳಿ ಸಾಗಿಸುವ ವ್ಯಾನು ಹಿಡಿದು, ಪುಕ್ಕ ಮೆತ್ತಿಕೊಂಡು ಕೊಳ್ಳೇಗಾಲದಲ್ಲಿ ಇಳಿದಾಗ ಇಡೀ ಬಸ್‌ಸ್ಟ್ಯಾಂಡು ನಕ್ಕಿತು. ಡಿಪೋದವರು ಅವನನ್ನು ಕೋಳಿ ಜವರಯ್ಯ ಎಂದು ಕರೆಯತೊಡಗಿದರು. ನಗು ಹೇಗೋ ಅರಗುತ್ತಿತ್ತು. ಅವನಿಗೆ ಅರಗದೆ ಉಳಿದದ್ದು ಬೇರೆ: ಇಷ್ಟು ವರ್ಷ ಕೇಳಿದ ನನ್ನ ವಿಷಲ್ಲು ಇವನಿಗೆ ಗುರುತಾಗಲಿಲ್ಲವಲ್ಲ ಎನ್ನುವ ನೋವು. ಅಂದಿನಿಂದ ಮಾತು ಬಿಟ್ಟ. ಮಾದಪ್ಪನೂ, ನಾನು ಪದ್ಧತಿ ಪ್ರಕಾರ ನಡೆದುಕೊಂಡೆ ಎಂದು ಬಿಗಿದುಕೊಂಡ.

ಬೇರೆ ಜೋಡಿ ಕೇಳಿ ಅರ್ಜಿ ಹಾಕಬಹುದಿತ್ತು. ಹಾಕಿದವನು ಸೋತ ಹಾಗೆ ಎಂದು ಇಬ್ಬರೂ ಹಾಕಲಿಲ್ಲ. ನಿವೃತ್ತರಾಗುವ ತನಕ ವಿಷಲ್ಲು ಒಂದನ್ನೇ ಮಾತಾಗಿಟ್ಟುಕೊಂಡು ಅದೇ ಬಸ್ಸು ಓಡಿಸಿದರು. ಆಮೇಲೂ ಬುದ್ಧಿ ಬರಲಿಲ್ಲ. ಬಸ್ಸುಗಳು ಡ್ರೈವರಿಲ್ಲದೆ ತಾವೇ ಓಡಾಡುವ ಕಾಲ ಬಂದಮೇಲೆ ಅವುಗಳ ತಪ್ಪು ಹುಡುಕಲೆಂದು ಇಬ್ಬರೂ ದಿನವೂ ಸಂಜೆ ಬಸ್‌ಸ್ಟ್ಯಾಂಡಿಗೆ ಬಂದು ಎದುರುಬದುರು ಬೆಂಚುಗಳಲ್ಲಿ ಕೂರುತ್ತಿದ್ದರು. ಒಬ್ಬ ಬರದಿದ್ದರೆ ಇನ್ನೊಬ್ಬನಿಗೆ ಚಡಪಡಿಕೆ.

ಮೇದಿನಿಯವರೇ ಜವರಯ್ಯನ ಮನೆಗೆ ಹೋಗಿ ವಿಷಯ ತಿಳಿಸಿದ್ದರು. ಅವನು ಗೋಡೆಯತ್ತ ತಿರುಗಿ ಕೂತ. ಹೆಂಡತಿ ಕೆಂಪಮ್ಮ, "ಹೂಂ ಅನ್ನಿ," ಎಂದು ಬಾಗಿಲ ಸಂದಿಯಿಂದ ಗದರಿದಳು.

"ಆಗ ನನ್ ವಿಷಲ್ಗೆ ಗಾಡಿ ಬಿಡ್ತಿದ್ದ," ಎಂದ ಜವರಯ್ಯ ಕೊನೆಗೆ. "ಈಗ್ಲೂ ಹಂಗೇ ಬಿಡ್ಲಿ. ಆದ್ರೆ ಮಾತಾಡ್ಸು ಅಂತ ನೀವ್ ಹೇಳ್ಬಾರ್ದು."

ಹೊಂದಿಕೆ ನೋಡಿ ಡಾಕ್ಟರು ಯಂತ್ರ ಕೆಟ್ಟಿದೆಯೆಂದೇ ಎಣಿಸಿದರು. ಅಷ್ಟು ಚೆನ್ನಾಗಿ ಕೂಡಿದ ಜೋಡಿಯನ್ನು ಅವರು ಕಂಡಿರಲೇ ಇಲ್ಲ.

ಹಾಗೆ ಬಂದ ಲಯ ಇದು. ಕಾಲಿನ ಊತ ಇಳಿಯಿತು, ದಿಂಬುಗಳು ಒಂದಕ್ಕೆ ಬಂದವು, ಮಾದಪ್ಪ ಮತ್ತೆ ಬೀದಿಯ ಕೊನೆಯವರೆಗೆ ನಡೆದ. ಆದರೆ ನೆಮ್ಮದಿ ಎಂಬುದು ಮಾತ್ರ ಹತ್ತಿರ ಸುಳಿಯಲಿಲ್ಲ. ಜವರಯ್ಯ ಮೆಟ್ಟಿಲು ಹತ್ತಿದರೆ ಇವನಿಗೆ ಮೈಯೆಲ್ಲ ಉಮೇದು, ಎದ್ದು ಎಲ್ಲಿಗಾದರೂ ಹೋಗಬೇಕೆನ್ನುವ ಆತುರ. ಅವನು ಮಧ್ಯಾಹ್ನ ಅಡ್ಡಾದರೆ ಇವನಿಗೂ ತೂಕಡಿಕೆ. ಅವನಿಗೆ ಸಿಟ್ಟು ಬಂದರೆ ಇವನು ಯಾರ ಮೇಲೆ ರೇಗಬೇಕೆಂದು ತಿಳಿಯದೆ ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಅಂಥದ್ದೆಲ್ಲ ಇದ್ದದ್ದೇ, ಮೈಗೆ ಅಪಾಯವಿಲ್ಲ, ಗವಸಿಗೆ ಮಿತಿ ಹಾಕಿದೆ ಎಂದು ಡಾಕ್ಟರು ಸಮಾಧಾನ ಹೇಳಿದ್ದರು.

ಈ ದಿನ ಹಾಲಿನ ಜಗಳ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಕಾಫಿಯ ಲೋಟ ಬಾಯಿಗೆ ಹೋಗುವ ಮೊದಲೇ ತುಳುಕಿತು. ಮಾದಪ್ಪನ ತಾಳ್ಮೆ ಕಡಿಯಿತು. ಫೋನು ತೆಗೆದು ಕರೆ ಮಾಡಿಯೇಬಿಟ್ಟ.

"ಲೋ ಜವರ, ಬೆಳಿಗ್ಗೆ ಬೆಳಿಗ್ಗೆ ಅದೇನ್ಲಾ ನಿಂದು ಹಾಲಿನವನ ಹತ್ರ? ಇಲ್ಲಿ ನಂಗೆ ಕಾಫಿ ಕುಡ್ಯಕಾಯ್ತಿಲ್ಲ."

ಮಾದಪ್ಪನ ಎದೆಯಲ್ಲಿ ಬಡಿತವೊಂದು ಎಡವಿ ಮತ್ತೆ ಸರಿಯಾಯಿತು.

"ನೀರು ಸುರ್ದವ್ನೆ ಹಾಲ್ಗೆ," ಎಂದಿತು ಹಳೆಯ ಗಂಟಲು. "ನೀನಾಗಿದ್ರೆ ಸುಮ್ಕಿರ್ತಿದ್ದಾ?"

"ಇರ್ತಿರ್ಲಿಲ್ಲ."

"ಮತ್ತೆ?"

"ಮತ್ತಿನ್ನೇನು. ಬೈಯಿ. ಆದ್ರೆ ನಿಧಾನ್ವಾಗಿ ಬೈಯಿ."

ಗೌರಮ್ಮಣ್ಣಿ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು.

ಕಟ್ಟೆ ಒಡೆದ ಮೇಲೆ ನೀರನ್ನು ಹಿಡಿಯುವವರು ಯಾರು? ಸಂಜೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಅತ್ತ ಇತ್ತ ನೋಡುತ್ತ, ಮೊದಲು ಬಸ್ಸುಗಳ ಬಗ್ಗೆ ಮಾತಾಡಿದರು, ಆಮೇಲೆ ಸತ್ತವರ ಬಗ್ಗೆ, ಆಮೇಲೆ ಬದುಕಿರುವವರ ಬಗ್ಗೆ. ಕೆಂಪಮ್ಮ ಉಪ್ಪಿಲ್ಲದ ನಿಪ್ಪಟ್ಟು ಮಾಡಿ ಕಳಿಸಿದಳು. ಗೌರಮ್ಮಣ್ಣಿ ಅದನ್ನು ತಿಂದು ನೋಡಿ, ತಾನೂ ಯಾಕೆ ಇಷ್ಟು ದಿನ ಹೀಗೆ ಮಾಡಲಿಲ್ಲ ಎಂದು ಒಳಗೊಳಗೇ ಪೇಚಾಡಿಕೊಂಡಳು. ಒಂದು ಸಂಜೆ ಜವರಯ್ಯ ಕೊನೆಗೂ ಕೇಳಿದ.

"ನನ್ ವಿಷಲ್ಲು ನಿಂಗ್ ಗೊತ್ತಾಗ್ಲಿಲ್ವೇನ್ಲಾ ಅವತ್ತು?"

"ನೀನ್ ಬಿಟ್ಟು ಬೇರೆಯವ್ರು ಊದ್ತಾರೆ ಅಂತ್ಲೇ ನಂಗ್ ತೋಚ್ಲಿಲ್ಲ ಕಣ್ಲಾ," ಎಂದ ಮಾದಪ್ಪ. "ಅನುಮಾನ ಬಂದಿದ್ರೆ ತಾನೇ ತಿರುಗಿ ನೋಡೋದು."

ಜವರಯ್ಯ ನಿಪ್ಪಟ್ಟಿನ ಡಬ್ಬಿಯನ್ನು ಅವನತ್ತ ತಳ್ಳಿದ. ಆ ಹೊತ್ತು ಇಬ್ಬರ ಎದೆಯೂ ಎಷ್ಟು ಹಗುರವಾಗಿ ಬಡಿಯಿತೆಂದರೆ, ಮಾದಪ್ಪನಿಗೆ ತನ್ನ ರೋಗವೇ ಮರೆತುಹೋಯಿತು. ಅವನ ಬದುಕಿನಲ್ಲಿ ಇಂಥ ಸುಖದ ತಿಂಗಳುಗಳು ಕಡಿಮೆ.

ಅದೇ ತಿಂಗಳುಗಳಲ್ಲಿ ಅವನ ಚಪ್ಪಲಿಯ ಪಟ್ಟಿ ಬಿಗಿಯತೊಡಗಿತು. ಮೊದಲು ಗಮನಿಸಿದವಳು ಗೌರಮ್ಮಣ್ಣಿ. ಒಂದು ದಿಂಬು ಎರಡಾಯಿತು. ಬೀದಿಯ ಕೊನೆಯವರೆಗೆ ಹೋಗುತ್ತಿದ್ದವನು ಅರ್ಧಕ್ಕೇ ನಿಂತು ವಿದ್ಯುತ್ ಕಂಬ ಹಿಡಿದುಕೊಂಡ. ಎದ್ದು ನಿಂತರೆ ಕಣ್ಣು ಕತ್ತಲೆ. ಕೂತರೆ ಬೇಡದ ಓಟ. ಎದೆ ಈಗ ಅವನದೂ ಅಲ್ಲ, ಜವರಯ್ಯನದೂ ಅಲ್ಲ ಎಂಬಂತಾಗಿತ್ತು.

ಡಾಕ್ಟರ್ ಮೇದಿನಿ ಗವಸು ಪರೀಕ್ಷಿಸಿದರು, ಬಿಲ್ಲೆ ಬದಲಿಸಿದರು. ಎರಡೂ ಚೆನ್ನಾಗಿದ್ದವು. ಕುಸಿದಿದ್ದು ಹೊಂದಿಕೆ. ಯಾವ ಹೊತ್ತಿನಲ್ಲಿ ಕುಸಿಯುತ್ತದೆಂದು ನೋಡುತ್ತ ಹೋದವರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಇಬ್ಬರನ್ನೂ ಕೂರಿಸಿಕೊಂಡು ಕೇಳಿದರು.

"ಇತ್ತೀಚೆಗೆ ನಿಮ್ಮ ನಡುವೆ ಏನಾದ್ರೂ ಬದಲಾಯ್ತಾ?"

"ರಾಜಿ ಆದ್ವಿ ಮೇಡಂ," ಎಂದ ಜವರಯ್ಯ, ಬಹುಮಾನ ಸಿಗುತ್ತದೆ ಎಂದುಕೊಂಡವನ ಹಾಗೆ.

ಡಾಕ್ಟರಿಗೆ ಈ ಮಾತನ್ನು ಹೇಗೆ ಹೇಳುವುದೆಂದೇ ಹೊಳೆಯಲಿಲ್ಲ. "ನಾನು ತಪ್ಪು ತಿಳ್ಕೊಂಡಿದ್ದೆ," ಎಂದು ಶುರುಮಾಡಿದರು. "ಜತೇಲಿ ಇದ್ದರೆ ಹೃದಯಗಳು ಹೊಂದುತ್ತವೆ ಅಂದ್ಕೊಂಡಿದ್ದೆ. ಹಾಗಾಗಿದ್ರೆ ಇವರ ಹೆಂಡತಿಯದು ಹೊಂದಬೇಕಿತ್ತು. ನೀವಿಬ್ಬರೂ ಮಾತಾಡ್ತಿರಲಿಲ್ಲ. ಮಾತಿಲ್ಲದಾಗ ಇನ್ನೊಬ್ಬರಿಗೆ ಏನು ಬೇಕು, ಏನು ಮಾಡೋಕೆ ಹೊರಟಿದ್ದಾರೆ ಅಂತ ತಿಳಿಯೋದು ಹೇಗೆ? ನೋಡಬೇಕು. ಇವರು ಬಸ್ಸಿನ ಕನ್ನಡೀಲಿ ನಿಮ್ಮ ಭುಜ ನೋಡ್ತಿದ್ರು, ನೀವು ಇವರ ಕತ್ತು ನೋಡ್ತಿದ್ರಿ. ಹದಿನಾಲ್ಕು ವರ್ಷ ಬಿಡದೆ ನೋಡಿದ್ರಿ. ಬೆಂಚಿನ ಮೇಲೂ ಅದನ್ನೇ ಮಾಡಿದ್ರಿ. ಲಯ ಕೂಡಿದ್ದು ಅದರಿಂದ. ಈಗ ಬೇಕಾದ್ದನ್ನ ಬಾಯಲ್ಲಿ ಹೇಳ್ತೀರಿ, ನೋಡೋ ಅಗತ್ಯಾನೇ ಇಲ್ಲ. ನೋಡೋದನ್ನ ಬಿಟ್ಟಿರಿ."

"ಅಂದ್ರೆ ಮತ್ತೆ ಜಗಳ ಆಡ್ಬೇಕಾ?" ಎಂದ ಮಾದಪ್ಪ.

"ಜಗಳ ಬೇಡ. ಮಾತು ಬಿಡಬೇಕು."

"ಎಷ್ಟು ದಿವ್ಸ?"

"ಗವಸು ಇರೋವರೆಗೆ." ಅವರೇ ಮುಂದುವರಿಸಿದರು. "ಇನ್ನೊಂದು ಮಾತನ್ನ ಮುಚ್ಚಿಡಬಾರದು. ಈ ಸಲ ಹೊಂದಿಕೆ ಮತ್ತೆ ಏರಬಹುದು. ಇನ್ನೊಂದು ಸಲ ಬಿದ್ದರೆ ಏರುತ್ತೆ ಅಂತ ನಾನು ಭರವಸೆ ಕೊಡಲಾರೆ."

ಹೊರಗೆ ಬಂದಮೇಲೆ ಇಬ್ಬರೂ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತರು. ಮಾದಪ್ಪ ಏನೋ ಹೇಳಲು ಬಾಯಿ ತೆರೆದ. ಜವರಯ್ಯ ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ತಿರುಗಿ ನೋಡದೆ ಗೇಟಿನತ್ತ ನಡೆದ.

ದ್ವೇಷದಿಂದ ಮಾತು ಬಿಟ್ಟಾಗ ಮಾದಪ್ಪನಿಗೆ ಅದು ಕಷ್ಟವೆನಿಸಿರಲಿಲ್ಲ. ಸ್ನೇಹದಿಂದ ಮಾತು ಬಿಡುವುದು ಎಂಥ ಹಿಂಸೆ ಎನ್ನುವುದು ಈಗ ಗೊತ್ತಾಯಿತು. ಎದುರುಬದುರು ಬೆಂಚುಗಳಿಗೆ ಮರಳಿದರು. ಡ್ರೈವರಿಲ್ಲದ ಬಸ್ಸೊಂದು ತಿರುವಿನಲ್ಲಿ ನಾಯಿಯೊಂದಕ್ಕೆ ಮರ್ಯಾದೆ ಕೊಟ್ಟು ಅರ್ಧ ಗಂಟೆ ನಿಂತುಬಿಟ್ಟಾಗ ಮಾದಪ್ಪನ ನಾಲಗೆ ತುದಿಗೆ ಎಂಥೆಂಥ ಮಾತು ಬಂದವು. ಎಲ್ಲವನ್ನೂ ನುಂಗಿದ. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು, "ನಾಯಿಗೇನಾಯ್ತು?" ಎಂದು ಕೇಳಿದಳು. ಅವಳಿಗೆ ಹೇಳುವ ಮಾತು ಅದಾಗಿರಲಿಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಫೋನು ಕೈಗೆತ್ತಿಕೊಂಡು ಕೆಳಗಿಡುವುದೇ ಕೆಲಸವಾಯಿತು.

ಆದರೂ ಡಾಕ್ಟರು ಹೇಳಿದ್ದು ನಿಜವಾಯಿತು. ಹೊಂದಿಕೆ ನಿಧಾನವಾಗಿ ಮೇಲೆದ್ದಿತು. ಚಪ್ಪಲಿ ಸಡಿಲವಾಯಿತು, ಎರಡನೆಯ ದಿಂಬು ಅಟ್ಟಕ್ಕೆ ಹೋಯಿತು. ಈ ಸುದ್ದಿ ಹಬ್ಬಿ, ಗವಸು ಹಾಕಿಸಿಕೊಳ್ಳಬೇಕಾದವರ ಮನೆಗಳಲ್ಲಿ ಗಂಡ ಹೆಂಡಿರು ಮುಂಚಿತವಾಗಿ ಮೌನ ಹಿಡಿದರೆಂದೂ, ಕೆಲವು ಮನೆಗಳಲ್ಲಿ ಹೆಂಡಿರಿಗೆ ಇದರಿಂದ ತುಂಬ ನೆಮ್ಮದಿಯಾಯಿತೆಂದೂ ಡಾಕ್ಟರು ಗೌರಮ್ಮಣ್ಣಿಗೆ ಹೇಳಿ ನಕ್ಕರು. ಗೌರಮ್ಮಣ್ಣಿ ನಗಲಿಲ್ಲ. ಒಂದು ವಾರ ತಾನೂ ಸುಮ್ಮನಿದ್ದು ನೋಡಿ, ಆಗದೆ ಬಿಟ್ಟಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಮಾದಪ್ಪ ಅವರೆಕಾಯಿ ಸುಲಿಯುತ್ತಿದ್ದ. ಎದೆ ಹುಚ್ಚು ಹಿಡಿದಂತೆ ಓಡಿತು. ಜಗಳದ ಓಟ, ಮೆಟ್ಟಿಲಿನ ಓಟ, ನಗುವಿನ ಓಟ ಎಲ್ಲವೂ ಅವನಿಗೆ ಪರಿಚಯ. ಇದು ಯಾವುದೂ ಅಲ್ಲ. ಬಹಳ ಹೊತ್ತು ಓಡಿ, ಆಮೇಲೆ ಅದು ಒಮ್ಮೆಗೇ ಕುಗ್ಗಿ, ಒದ್ದೆ ಮಣ್ಣಿನಲ್ಲಿ ಕಾಲೆಳೆಯುವ ಹಾಗೆ ಭಾರವಾಗಿ ಬಡಿಯತೊಡಗಿತು. ಮಾದಪ್ಪ ಮೊರವನ್ನು ಪಕ್ಕಕ್ಕಿಟ್ಟ.

"ಗೌರ, ಜವರನ ಮನೇಲಿ ಏನೋ ಆಗದೆ."

ಫೋನು ಆಮೇಲೆ ಬಂತು. ಕೆಂಪಮ್ಮ ಬಟ್ಟೆ ಹರವುತ್ತಿದ್ದವಳು ಹಾಗೇ ಕುಸಿದಿದ್ದಳು. ಅವಳದೂ ಹೃದಯವೇ. ಯಾರಿಗೂ ಸುಳಿವು ಕೊಡದೆ, ಊತ ಇಲ್ಲದೆ, ದಿಂಬು ಇಲ್ಲದೆ ಒಂದೇ ಏಟಿಗೆ ನಿಂತುಹೋಗಿತ್ತು.

ಮಣ್ಣಿಗೆ ಎಲ್ಲರ ಜತೆ ಮಾದಪ್ಪನೂ ಹೋಗಿದ್ದ. ಜನದ ನಡುವೆ ನಿಂತು ಕೈ ಮುಗಿದು ಬಂದ. ಜವರಯ್ಯ ಅಳಲಿಲ್ಲ. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೂ ಅಳಲಿಲ್ಲ. ಹುಣಸೂರಿನಿಂದ ಬಂದಿದ್ದ ಮಗಳು ಪವಿತ್ರ ಮಾದಪ್ಪನಿಗೆ ಫೋನು ಮಾಡಿದಳು.

"ದೊಡ್ಡಪ್ಪ, ಅಪ್ಪ ಯಾರ ಹತ್ರಾನೂ ಬಾಯಿ ಬಿಡ್ತಿಲ್ಲ. ಅವ್ವನ ಹೆಸರು ಎತ್ತಿದ್ರೆ ಎದ್ದು ಹೊರಟೋಯ್ತರೆ. ಊಟ ಮುಂದಿಟ್ರೆ ಹಂಗೇ ನೋಡ್ಕಂಡ್ ಕೂತಿರ್ತರೆ. ಏನ್ ಮಾಡ್ಲಿ ನಾನು?"

ಮಾದಪ್ಪನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವನ ಎದೆಯಲ್ಲಿ ಆ ಭಾರದ ಬಡಿತ ಹಗಲಿಡೀ ನಡೆಯುತ್ತಿತ್ತು. ಅಂಗಿ ಹಾಕಿಕೊಂಡ. ಗೌರಮ್ಮಣ್ಣಿ ಬಾಗಿಲಿಗೆ ಅಡ್ಡ ನಿಂತಳು. ಅವಳ ಕಣ್ಣು ತುಂಬಿತ್ತು.

"ಹೋಗ್ಬೇಡಿ ಅನ್ನಲ್ಲ," ಎಂದಳು. "ಪಕ್ಕದಲ್ಲಿ ಸುಮ್ನೆ ಕೂತಿದ್ದು ಬನ್ನಿ. ಬಾಯಿ ಮಾತ್ರ ತೆಗೀಬೇಡಿ. ನನ್ನಾಣೆ."

"ತೆಗ್ಯಲ್ಲ," ಎಂದ ಮಾದಪ್ಪ. ಆ ಕ್ಷಣ ಅವನು ಸುಳ್ಳು ಹೇಳುತ್ತಿರಲಿಲ್ಲ.

ಜವರಯ್ಯ ಮನೆಯ ಜಗಲಿಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಮಾದಪ್ಪನನ್ನು ಕಂಡು ಸ್ವಲ್ಪ ಸರಿದು ಜಾಗ ಬಿಟ್ಟ. ಪವಿತ್ರ ಎರಡು ಲೋಟ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು. ಇಬ್ಬರೂ ಬೀದಿ ನೋಡುತ್ತ ಕೂತರು.

ಆಗ ಮಾದಪ್ಪನ ಎದೆಯಲ್ಲಿ ಬಡಿತ ಒಂದಿಷ್ಟು ಮೇಲೆದ್ದಿತು. ಏಳಲೋ ನಡೆಯಲೋ ಹೊರಟವನ ಎದೆಯ ಹಾಗೆ. ಅವನು ಜವರಯ್ಯನತ್ತ ನೋಡಿದ. ಜವರಯ್ಯ ಅಲುಗಾಡಿರಲಿಲ್ಲ, ತುಟಿ ಮಾತ್ರ ಸ್ವಲ್ಪ ಬಿರಿದಿತ್ತು. ಮರುಕ್ಷಣ ತುಟಿ ಬಿಗಿಯಿತು, ಬಡಿತ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಎದೆ ಏರುವುದು, ತುಟಿ ಬಿರಿಯುವುದು, ಮತ್ತೆ ಎರಡೂ ಕುಗ್ಗುವುದು. ಹಾಗೆ ಎಷ್ಟು ಸಲ ಆಯಿತೋ. ಜವರಯ್ಯನ ಬಾಯಿಗೆ ಮಾತು ಬರುತ್ತಿತ್ತು, ಅವನು ಅದನ್ನು ಹಿಂದಕ್ಕೆ ನೂಕುತ್ತಿದ್ದ. ಜಗತ್ತಿನಲ್ಲಿ ಬೇರೆ ಯಾರಿಗೂ ಇದು ತಿಳಿಯುವ ಹಾಗಿರಲಿಲ್ಲ. ಮಾದಪ್ಪನಿಗೆ ಮಾತ್ರ ಅದು ತನ್ನದೇ ಪಕ್ಕೆಲುಬಿನೊಳಗೆ ತಿಳಿಯುತ್ತಿತ್ತು.

ಇವನು ತನ್ನ ಹೆಂಡತಿಯ ಹೆಸರನ್ನೂ ನನಗೋಸ್ಕರ ನುಂಗುತ್ತಿದ್ದಾನೆ ಎಂದು ಮಾದಪ್ಪನಿಗೆ ಅನಿಸಿತು. ಅನಿಸಿದೊಡನೆ ಅವನಿಗೆ ನಾಚಿಕೆಯಾಯಿತು, ಆಮೇಲೆ ತಡೆಯಲಾರದ ಸಂಕಟವಾಯಿತು. ಮಗಳ ಹತ್ತಿರ ಆಡಲಾಗದ ಮಾತು, ನೆಂಟರ ಮುಂದೆ ಬರದ ಮಾತು, ಹಳೆಯ ಜೊತೆಗಾರನೊಬ್ಬನ ಮುಂದೆ ಮಾತ್ರ ಬರುವಂಥದ್ದು ಅದು. ಆ ಜೊತೆಗಾರ ಪಕ್ಕದಲ್ಲೇ ಜೀವ ಉಳಿಸಿಕೊಂಡು ಕೂತಿದ್ದಾನೆ. ಬಾಗಿಲಲ್ಲಿ ನಿಂತ ಗೌರಮ್ಮಣ್ಣಿಯ ಮುಖ ಕಣ್ಣ ಮುಂದೆ ಬಂತು. ಮೂರು ದಿಂಬಿನ ರಾತ್ರಿಗಳು ನೆನಪಾದವು. ಅವನಿಗೆ ಸಾಯುವ ಆಸೆ ಏನೂ ಇರಲಿಲ್ಲ. ಮಜ್ಜಿಗೆಯ ಲೋಟ ಎತ್ತಿಕೊಂಡ, ಕುಡಿಯದೆ ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

ಎದೆ ಮತ್ತೊಮ್ಮೆ ಏರಿತು. ತುಟಿ ಮತ್ತೊಮ್ಮೆ ಬಿಗಿಯಿತು.

"ಅವತ್ತು ಬೆಳಿಗ್ಗೆ ಕೆಂಪಮ್ಮ ಏನಂದ್ಲು?" ಎಂದು ಮಾದಪ್ಪ ಕೇಳಿದ.

ಜವರಯ್ಯ ಬೆಚ್ಚಿ ತಿರುಗಿದ. ಬೇಡವೆಂದು ತಲೆಯಾಡಿಸಿದ. ಅಂಗಿಯ ಮೇಲಿಂದ ತನ್ನ ಎದೆಯ ಬಿಲ್ಲೆಯನ್ನು ಮುಟ್ಟಿ ತೋರಿಸಿದ.

"ಅದಿರ್ಲಿ ಬಿಡು. ನೀನ್ ಹೇಳು."

"ಬ್ಯಾಡ ಕಣ್ಲಾ."

"ಹೇಳ್ಲಾ ಜವರ. ನಾನ್ ಎದ್ ಹೋಗಲ್ಲ."

ಜವರಯ್ಯ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. "ಕಾಫಿಗೆ ಸಕ್ಕರೆ ಜಾಸ್ತಿ ಆಯ್ತಾ ಅಂದ್ಲು," ಎಂದ. "ನಾನು ಹೂಂ ಅಂದೆ. ಅಷ್ಟೇ. ಅಷ್ಟೇ ಕಣ್ಲಾ ಮಾತಾಡಿದ್ದು." ಆಮೇಲೆ ಅಳು ಬಂತು. ಒಳಗಿದ್ದ ಪವಿತ್ರ ಓಡಿಬಂದು ಬಾಗಿಲಲ್ಲಿ ನಿಂತು, ಅಪ್ಪ ಅಳುವುದನ್ನು ನೋಡಿ, ತಾನೂ ಅಳುತ್ತ ಒಳಗೆ ಹೋದಳು.

ಮಾರನೆಯ ದಿನವೂ ಮಾದಪ್ಪ ಹೋದ. ಅದರ ಮಾರನೆಯ ದಿನವೂ ಹೋದ. ಜವರಯ್ಯ ಕೆಂಪಮ್ಮನ ಕೊನೆಯ ಬೆಳಗಿನಿಂದ ಹಿಡಿದು ಹಿಂದಕ್ಕೆ ಹೇಳುತ್ತ ಹೋದ. ಅವಳು ಕಟ್ಟಿಸಿದ ಬಚ್ಚಲುಮನೆ, ಅವಳು ಬೈದು ಕಳಿಸಿದ ಬೀಗರು, ಪವಿತ್ರ ಹುಟ್ಟಿದಾಗ ಅವಳಿಗೆ ಬಂದ ಜ್ವರ. ಒಂದೊಂದು ದಿನ ನಗು ಬಂತು. ಊಟವೂ ಸೇರತೊಡಗಿತು. ಡಾಕ್ಟರ್ ಮೇದಿನಿ ಫೋನು ಮಾಡಿ, ಹೊಂದಿಕೆ ಬೀಳುತ್ತಿದೆ, ಏನು ನಡೆಯುತ್ತಿದೆ ಎಂದು ಗಾಬರಿಯಿಂದ ಕೇಳಿದರು. ಮಾದಪ್ಪ ನಿಜ ಹೇಳಿದ. ನಿಲ್ಲಿಸಲು ಆಗುವುದಿಲ್ಲವೇ ಎಂದು ಅವರು ಕೇಳಿದರು.

"ಇನ್ನೂ ಅವ್ನ ಮದ್ವೇನೇ ಬಂದಿಲ್ಲ ಮೇಡಂ," ಎಂದ ಮಾದಪ್ಪ.

ಗೌರಮ್ಮಣ್ಣಿ ಅಟ್ಟದಿಂದ ದಿಂಬು ಇಳಿಸಿದಳು. ಆಣೆಯ ಮಾತು ಎತ್ತಲಿಲ್ಲ. ಒಂದು ದಿನ ಪೇಟೆಗೆ ಹೋಗಿ ಒಂದು ಅಳತೆ ದೊಡ್ಡ ಚಪ್ಪಲಿ ತಂದು ಬಾಗಿಲ ಬಳಿ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮಾದಪ್ಪ ಅದನ್ನು ಮೆಟ್ಟಿಕೊಂಡು, ದಾರಿಯಲ್ಲಿ ಅಲ್ಲಲ್ಲಿ ನಿಂತು, ಜವರಯ್ಯನ ಜಗಲಿ ಸೇರಿದ. ಉಸಿರು ಸರಿಹೋಗಲೆಂದು ಗೋಡೆಗೆ ಒರಗಿ ಕೂತ. ಜವರಯ್ಯ ಆಗಲೇ ಮಾತು ಶುರುಮಾಡಿದ್ದ. ಹೆಣ್ಣು ನೋಡಲು ಹೋದ ದಿನ ಕೆಂಪಮ್ಮ ತನ್ನತ್ತ ತಿರುಗಿಯೂ ನೋಡದೆ ಹೇಗೆ ಒಳಗೆ ಹೋಗಿಬಿಟ್ಟಳು ಎಂಬುದನ್ನು ಕೈ ಆಡಿಸಿ ಬಣ್ಣಿಸುತ್ತಿದ್ದ. ಹೇಳುವ ಸಂಭ್ರಮದಲ್ಲಿ ಅವನಿಗೆ ಮಾದಪ್ಪನ ಊದಿದ ಪಾದಗಳು ಕಾಣಲಿಲ್ಲ.

"ಆಮೇಲೆ?" ಎಂದ ಮಾದಪ್ಪ.